ಕೆಲಸ ಹೋಗಿದೆ, ಥಾರ್ ಮಾರೋದಾ ಇಟ್ಕೊಳ್ಳೋದಾ? ಡಲ್ ಮಾರ್ಕೆಟ್‌ನಲ್ಲಿ ಫೋರ್ ವೀಲ್ ಡ್ರೈವ್ ಗಾಡಿಗಳ ರೀಸೇಲ್ ಹೆಂಗಿದೆ ಸ್ವಲ್ಪ ಹೇಳಿ

ಕೆಸರುಕಾಲು (ಬೆಂಗಳೂರು)
ಡಿಸೆಂಬರ್ 9, 2025

ಎಲ್ರಿಗೂ ನಮಸ್ಕಾರ. ಇಲ್ಲಿ ಓದೋದೇ ಜಾಸ್ತಿ, ಬರಿಯೋದು ಕಮ್ಮಿ, ಈಗ ಬರೀಲೇಬೇಕಾಗಿ ಬಂದಿದೆ. ಅಕ್ಟೋಬರ್‌ನಲ್ಲಿ ಕೆಲಸ ಹೋಯ್ತು. ನಮ್ ಟೀಮಲ್ಲೇ ಹನ್ನೊಂದು ಜನ, ಮೂರು ತಿಂಗಳ ಸಂಬಳ ಕೊಟ್ಟು ಕೈ ಮುಗಿದು ಕಳಿಸಿದ್ರು. ಇಂಟರ್‌ವ್ಯೂ ನಡೀತಿದೆ, ಆದ್ರೆ ಎಲ್ಲೂ ಪಕ್ಕಾ ಆಗ್ತಿಲ್ಲ. ಮನೆಯವಳ ಸಂಬಳದಲ್ಲಿ ಬಾಡಿಗೆ, ರೇಷನ್, ಮಗುವಿನ ಸ್ಕೂಲು ನಡೆಯುತ್ತೆ, ಅದರ ಮೇಲೆ ಗಾಡಿ ಇಎಂಐ ಕಟ್ಟೋದು ಕಷ್ಟ.

ಗಾಡಿ 2022 ಮಾರ್ಚಲ್ಲಿ ಡೆಲಿವರಿ ತಗೊಂಡ ಮಹೀಂದ್ರಾ ಥಾರ್, ಎಲ್‌ಎಕ್ಸ್ ಹಾರ್ಡ್‌ಟಾಪ್, ಡೀಸೆಲ್ ಮ್ಯಾನುಯಲ್, ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಪವರ್ ಹೋಗೋದು). ಬುಕ್ ಮಾಡಿ ಒಂಬತ್ತು ತಿಂಗಳು ಕಾದಿದ್ದೆ. ಆನ್‌ರೋಡ್ ಹತ್ರ ಹತ್ರ 18 ಲಕ್ಷ ಆಗಿತ್ತು. 12 ಲಕ್ಷ ಲೋನು, 7 ವರ್ಷ, ಇಎಂಐ 19,000. ಈ ತಿಂಗಳದ್ದೂ ಸೇರಿ 45 ಕಂತು ಕಟ್ಟಿದೀನಿ, ಇನ್ನೂ 6.45 ಲಕ್ಷ ಬಾಕಿ ತೋರಿಸ್ತಿದೆ. 41,000 ಕಿ.ಮೀ. ಓಡಿದೆ, ಫಸ್ಟ್ ಓನರ್, ಸರ್ವಿಸ್ ಎಲ್ಲಾ ಶೋರೂಂನಲ್ಲೇ.

ಒಂದು ಆನ್‌ಲೈನ್ ಕಂಪನಿಯವರು ಮನೆಗೇ ಬಂದು ಒಂದೂವರೆ ಗಂಟೆ ಫೋಟೋ ತೆಗೆದು, ಕೆಳಗೆ ತೂರಿ ನೋಡಿ, ಕೊನೆಗೆ 9.2 ಲಕ್ಷ ಅಂದ್ರು. ಅದೂ 48 ಗಂಟೆ ಮಾತ್ರ ವ್ಯಾಲಿಡ್ ಅಂತೆ, ಹಾಲಿನ ಪ್ಯಾಕೆಟ್ ಥರ. ಏರಿಯಾದ ಡೀಲರ್ ಒಬ್ರು 9.5. ಮೂರು ವರ್ಷದ ಹಿಂದೆ ನನ್ ಫ್ರೆಂಡು ಇದೇ ಗಾಡಿ ಒಂದು ವರ್ಷ ಓಡಿಸಿ, ಕೊಟ್ಟ ದುಡ್ಡಿಗಿಂತ ಜಾಸ್ತಿಗೆ ಮಾರಿದ್ದ! ಥಾರ್ ರೇಟು ಬೀಳಲ್ಲ ಅಂತ ಎಲ್ರೂ ಹೇಳ್ತಿದ್ರಲ್ಲಾ, ಏನಾಯ್ತು ಈಗ? ಇದು ನಿಜವಾಗ್ಲೂ ರಿಸೆಷನ್ ಎಫೆಕ್ಟಾ, ಇಲ್ಲ ನನ್ ಮುಖ ನೋಡಿ ಕಷ್ಟದಲ್ಲಿದಾನೆ ಅಂತ ಹಿಂಡ್ತಿದಾರಾ?

ಇನ್ನೊಂದು, ಎಟಿ ಟೈರು (ಕಚ್ಚಾ ರಸ್ತೆಗೂ ಆಗೋದು), ಸ್ನಾರ್ಕಲ್ (ನೀರಲ್ಲಿ ಹೋಗುವಾಗ ಇಂಜಿನ್‌ಗೆ ಗಾಳಿ ಕೊಡೋ ಕೊಳವೆ), ಸ್ಟೀಲ್ ಬಂಪರ್, ವಿಂಚು (ಕೆಸರಿಂದ ಗಾಡಿ ಎಳೆಯೋ ಹಗ್ಗದ ಯಂತ್ರ), ಲೈಟು ಎಲ್ಲಾ ಸೇರಿ 2.3 ಲಕ್ಷ ಖರ್ಚು ಮಾಡಿದೀನಿ. ಅದಕ್ಕೆ ಏನಾದ್ರೂ ಬರುತ್ತಾ? ದಯವಿಟ್ಟು "ಇಎಂಐನಲ್ಲಿ ಯಾಕೆ ತಗೊಂಡೆ" ಅಂತ ಮಾತ್ರ ಬೈಬೇಡಿ, ಅದನ್ನ ಮನೇಲಿ ದಿನಾ ಕೇಳ್ತಿದೀನಿ.

ಗೇರ್‌ಬಾಕ್ಸ್ ಗೌಡ (ಬೆಂಗಳೂರು)
ಡಿಸೆಂಬರ್ 9

ಸರ್, ನಾನು ಸೆಕೆಂಡ್ ಹ್ಯಾಂಡ್ ಗಾಡಿ ವ್ಯಾಪಾರದಲ್ಲಿ ಹದಿನಾರು ವರ್ಷದಿಂದ ಇದೀನಿ. ನಿಮಗೆ 9.5 ಹೇಳಿದೋನು ನಾನಲ್ಲ, ಮೊದಲೇ ಹೇಳ್ಬಿಡ್ತೀನಿ :)

ನಿಮ್ ಫ್ರೆಂಡ್ ಕಥೆ ಬಿಡಿ, ಅದು ಆ ಟೈಮಿನ ಆಟ. 2020 ಅಕ್ಟೋಬರ್ 2ಕ್ಕೆ ಹೊಸ ಥಾರ್ ಬಂತು, 9.80 ಲಕ್ಷದಿಂದ ಶುರು ಎಕ್ಸ್‌ಶೋರೂಂ. ದೇಶಕ್ಕೆ ದೇಶವೇ ಕೋವಿಡ್‌ನಲ್ಲಿ ಮಕಾಡೆ ಮಲಗಿತ್ತು, ಎಕಾನಮಿ ಆಗ ಈಗಿನದಕ್ಕಿಂತ ಕೆಟ್ಟಿತ್ತು, ಆದ್ರೂ ಹಳೇ ಗಾಡಿ ರೇಟು ಏರ್ತು. ಯಾಕೆ? ಹೊಸ ಗಾಡಿ ಸಿಗ್ತಿರಲಿಲ್ಲ. ಚಿಪ್ ಶಾರ್ಟೇಜ್, ಫ್ಯಾಕ್ಟರಿಲಿ ಅರ್ಧಂಬರ್ಧ ಗಾಡಿ ನಿಂತಿದ್ವು, ವೇಟಿಂಗು ತಿಂಗಳುಗಟ್ಟಲೆ. ಕಾಯೋಕಾಗದೋನು ಎಕ್ಸ್‌ಟ್ರಾ ಕೊಡ್ತಾನೆ, ಅಷ್ಟೇ ಲೆಕ್ಕ. ಅದನ್ನ ನೋಡಿ ಜನ ಥಾರ್ ಅಂದ್ರೆ ಚಿನ್ನ, ಸೈಟು ಅಂದ್ಕೊಂಡ್ರು. ನಾನೂ ನಾಲ್ಕು ಗಾಡಿ ಸ್ಟಾಕ್ ಮಾಡಿ ಕೈ ಸುಟ್ಕೊಂಡಿದೀನಿ, ಹೇಳೋಕೇನು.

ಹಳೇ ಗಾಡಿ ರೇಟನ್ನ ಹಿಡಿದು ನಿಲ್ಲಿಸೋದು ಪೇಪರ್‌ನಲ್ಲಿ ಬರೋ ಜಿಡಿಪಿ ಅಲ್ಲ ಸರ್, ಪಕ್ಕದ ಶೋರೂಂನಲ್ಲಿ ಹೊಸದು ಎಷ್ಟಕ್ಕೆ ಸಿಗುತ್ತೆ, ಎಷ್ಟು ದಿನಕ್ಕೆ ಸಿಗುತ್ತೆ ಅನ್ನೋದು. ಈ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಇಳೀತಲ್ಲ, ನಿಮ್ಮ 2.2 ಡೀಸೆಲ್ಲು ಹಿಂದೆ ಸೆಸ್ ಸೇರಿ 48% ಇತ್ತು, ಈಗ 40%. ಫೋರ್ ವೀಲ್ ಡೀಸೆಲ್ ಥಾರ್ 1 ಲಕ್ಷದವರೆಗೂ ಇಳೀತು. ರಿಯರ್ ವೀಲ್ ಡ್ರೈವ್ (ಹಿಂದಿನ ಚಕ್ರಕ್ಕೆ ಮಾತ್ರ ಪವರ್) 1.5 ಡೀಸೆಲ್ಲು 31ರಿಂದ 18%ಗೆ ಬಂದು 1.35 ಲಕ್ಷದವರೆಗೂ ಇಳೀತು. ಅದಾದ ಮೇಲೆ ಅಕ್ಟೋಬರ್‌ನಲ್ಲಿ ಹೊಸ ಡ್ಯಾಶ್‌ಬೋರ್ಡಿನ ಥಾರ್ ಬಂತು, ದೊಡ್ಡ ಸ್ಕ್ರೀನು, ಕಿಟಕಿ ಬಟನ್ನು ಕೊನೆಗೂ ಬಾಗಿಲಿಗೆ ಬಂತು, ಟಾಪ್ ಎಂಡು 17 ಲಕ್ಷದೊಳಗೆ. ಹಿಂದೆ ಐದು ಬಾಗಿಲಿನ ರಾಕ್ಸ್ ಬೇರೆ 2024 ಆಗಸ್ಟಿಂದ ನಿಂತಿದೆ. ಫ್ಯಾಮಿಲಿ ಇರೋ ಕಸ್ಟಮರ್ ಮೂರು ಬಾಗಿಲಿನ ಹಳೇದನ್ನ ಯಾಕೆ ತಗೋತಾನೆ ಹೇಳಿ.

ಇನ್ನು ಹಿಂಡ್ತಿದಾರಾ ಅಂದ್ರೆ, ಸ್ವಲ್ಪ ಹೌದು. ಆದ್ರೆ ನಮ್ ಕಡೆ ಲೆಕ್ಕನೂ ನೋಡಿ. 9.5ಕ್ಕೆ ತಗೊಂಡ್ರೆ ಪಾಲಿಶು, ಸಣ್ಣಪುಟ್ಟ ಕೆಲಸ, ಆರ್‌ಸಿ ಟ್ರಾನ್ಸ್‌ಫರ್ ಒಂದು ಕಡೆ. ನಮ್ ಮಾರ್ಜಿನ್ ಮೇಲೆ 18% ಜಿಎಸ್‌ಟಿ ಇನ್ನೊಂದು ಕಡೆ (ಇದು ವ್ಯಾಪಾರಿಗಳಿಗೆ ಮಾತ್ರ, ನೀವು ನೇರ ಮಾರಿದ್ರೆ ಏನೂ ಇಲ್ಲ, ವಾಟ್ಸಾಪ್ ನೋಡಿ ಹೆದರ್ಬೇಡಿ). ಇದೆಲ್ಲಕ್ಕಿಂತ ದೊಡ್ಡದು ಬಡ್ಡಿ. ಮೊದಲು ಇಂಥ ಗಾಡಿ ಮೂರು ವಾರಕ್ಕೆ ಹೋಗ್ತಿತ್ತು, ಈಗ ನನ್ ಯಾರ್ಡ್‌ನಲ್ಲಿ ಎರಡೂವರೆ ತಿಂಗಳಿಂದ ಒಂದು ನಿಂತಿದೆ. ಗಾಡಿ ನಿಂತ್ರೂ ಬಡ್ಡಿ ಓಡುತ್ತೆ. ಕೇಳ್ಕೊಂಡು ಬರೋರೆಲ್ಲಾ ಐಟಿ ಹುಡುಗ್ರು, ಅವರಿಗೆ ಲೋನ್ ಆಗ್ಬೇಕು, ಪೇ ಸ್ಲಿಪ್ ತೋರಿಸ್ಬೇಕು, ಫೈನಾನ್ಸ್‌ನೋರು ಈಗ ಕಂಪನಿ ಹೆಸರು ನೋಡಿ ಮುಖ ಸಿಂಡರಿಸ್ತಾರೆ.

ನನ್ ಸಲಹೆ, ಡಿಸೆಂಬರ್ 31ರ ಒಳಗೆ ಮಾರಿ. ಜನವರಿ ಬಂತು ಅಂದ್ರೆ ಅದೇ ಗಾಡಿ ಗಿರಾಕಿ ಬಾಯಲ್ಲಿ ಇನ್ನೊಂದು ವರ್ಷ ಹಳೇದು.

ಮಾಡಿಫಿಕೇಶನ್‌ಗೆ ಸೊನ್ನೆ. ಸೊನ್ನೆಗಿಂತ ಕೆಳಗೆ ಅಂದ್ರೂ ಸರಿ, ಬಂಪರ್ ವಿಂಚು ನೋಡಿದ ತಕ್ಷಣ ಗಿರಾಕಿ ಎಲ್ಲಿ ಹೊಡೆತ ಬಿದ್ದಿದೆ ಅಂತ ಕೆಳಗೆ ಬಗ್ಗಿ ನೋಡ್ತಾನೆ.

ಹಳೇಜೀಪು (ಮೂಡಿಗೆರೆ ಕಡೆ)
ಡಿಸೆಂಬರ್ 10

ಗೌಡ್ರು ಹೇಳಿದ್ದರಲ್ಲಿ ಮುಕ್ಕಾಲು ಒಪ್ತೀನಿ, ಕೊನೆ ಮಾತು ಮಾತ್ರ ಒಪ್ಪಲ್ಲ. ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಮಾರ್ಬೇಡ ಮಾರಾಯ.

ನಿನ್ನ ಗಾಡಿಗೆ ಗಿರಾಕಿ ಯಾರು ಅಂತ ಮೊದ್ಲು ಯೋಚನೆ ಮಾಡು. ಬೆಂಗಳೂರಲ್ಲಿ ಥಾರ್ ಅನ್ನೋದು ಶೋಕಿ ಗಾಡಿ. ಬೇಜಾರು ಮಾಡ್ಕೋಬೇಡ, ನಿನ್ನ ಗಾಡಿ ನಾಲ್ಕು ವರ್ಷದಲ್ಲಿ ಫೋರ್ ಎಲ್ (ಏರು, ಕೆಸರಿಗೆ ಹಾಕೋ ಲೋ ಗೇರು) ಎಷ್ಟು ಸಲ ಹಾಕಿರಬಹುದು, ಇಪ್ಪತ್ತು? ಶೋಕಿಗೆ ತಗೊಳ್ಳೋನ ಸಂಬಳ ಅಲ್ಲಾಡಿದ್ರೆ ಅವನು ಮೊದಲು ಬಿಡೋದೇ ಅದನ್ನ. ತಗೊಳ್ಳೋನೂ ಇಲ್ಲ, ಮಾರೋರು ನಿನ್ ಥರ ಹತ್ತು ಜನ. ಅಲ್ಲಿ ರೇಟು ಎಲ್ಲಿಂದ ನಿಲ್ಲುತ್ತೆ.

ಇಲ್ಲಿ ಕಥೆ ಬೇರೆ. ಜೂನಿಂದ ಸೆಪ್ಟೆಂಬರ್‌ವರೆಗೆ ನಮ್ಮ ತೋಟದ ಮೇಲಿನ ರಸ್ತೆಗೆ ಟೂ ವೀಲ್ ಡ್ರೈವ್ ಗಾಡಿ ಹತ್ತಲ್ಲ. ಗೊಬ್ಬರ ಹೋಗ್ಬೇಕು, ಆಳುಗಳು ಹೋಗ್ಬೇಕು, ರಾತ್ರಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಆಳುಗಳ ಲೈನ್ ಮನೆಯಿಂದ ಟಾರ್ ರಸ್ತೆಗೆ ಇಳಿಸ್ಬೇಕು. ಆ ಕೆಲಸ ಎಕಾನಮಿ ಬಿದ್ರೆ ನಿಲ್ಲಲ್ಲ. ನಂಗೆ ಚೆನ್ನಾಗಿ ನೆನಪಿರೋದು 2001, 2002. ವಿಯೆಟ್ನಾಂನೋರು ಕಾಫಿ ಸುರಿದು ಸುರಿದು ಲೋಕದ ಮಾರ್ಕೆಟ್ಟೇ ಮೂವತ್ತು ವರ್ಷದ ತಳಕ್ಕೆ ಹೋಗಿತ್ತು, ಕುಯ್ಲಿನ ಕೂಲಿನೂ ಹುಟ್ಟದೆ ಹಣ್ಣು ಗಿಡದಲ್ಲೇ ಬಿಟ್ಟೋರಿದ್ರು. ಅಪ್ಪ ಆಗ ಕಾರು ಮಾರಿದ್ರು, ಅಮ್ಮನ ಎರಡು ಬಳೆನೂ ಹೋಯ್ತು, ಎಂಎಂ 540 ಜೀಪು ಮಾತ್ರ ಮಾರ್ಲಿಲ್ಲ. ಊರಲ್ಲಿ ಯಾರೂ ಮಾರ್ಲಿಲ್ಲ. ಜೀಪು ಮಾರಿದ್ರೆ ತೋಟಕ್ಕೆ ಬೀಗ ಹಾಕ್ದಂಗೆ. ಹಾಗಾಗಿ ಮಾರ್ಕೆಟ್ಟಿಗೆ ಜೀಪೇ ಬರ್ತಿರಲಿಲ್ಲ, ರೇಟು ಇದ್ದಲ್ಲೇ ಇತ್ತು. ಕಾರುಗಳು ಮಾತ್ರ ಕೇಳಿದ ರೇಟಿಗೆ ಹೋದ್ವು. ಆ ಜೀಪು ಇವತ್ತೂ ನಮ್ ಶೆಡ್‌ನಲ್ಲಿದೆ, ಸ್ಟಾರ್ಟ್ ಆಗೋಕೆ ಮುಂಚೆ ಊರಿಗೆಲ್ಲಾ ಗೊತ್ತಾಗುತ್ತೆ ಅನ್ನೋದು ಬಿಟ್ರೆ ಗುಂಡುಕಲ್ಲು.

ಈಗ ನೋಡು, ಎರಡು ವರ್ಷದಿಂದ ಕಾಫಿಗೆ ನಾವ್ಯಾರೂ ಕನಸಲ್ಲೂ ನೋಡದ ರೇಟು. ನಿಮ್ಮಲ್ಲಿ ಕೆಲಸ ಹೋಗ್ತಿರೋ ಹೊತ್ತಿಗೇ ನಮ್ಮಲ್ಲಿ ಹಳೇ ಸಾಲ ತೀರಿಸಿ ಗಾಡಿ ಬದಲಾಯಿಸೋರು ಇದಾರೆ. ನಿಮ್ ಡಲ್ಲು ನಮ್ ಡಲ್ಲು ಒಂದೇ ವರ್ಷ ಬರ್ಬೇಕು ಅಂತೇನಿಲ್ಲ. ಆದ್ರೆ ದುಡ್ಡು ಕೈಗೆ ಬರೋಕೆ ಹೊತ್ತುಗೊತ್ತು ಇದೆ. ಅರೇಬಿಕಾ ಕುಯ್ಲು ಈಗ ನಡೀತಿದೆ, ರೋಬಸ್ಟಾ ಜನವರಿಯಿಂದ. ಹಣ್ಣು ಕುಯ್ದು, ಕಣದಲ್ಲಿ ಒಣಗಿಸಿ, ಚೀಲ ಹೊಲಿದು, ವ್ಯಾಪಾರಿಗೆ ಹಾಕಿ ದುಡ್ಡು ಬರೋದು ಫೆಬ್ರವರಿ, ಮಾರ್ಚ್. ಈಗ ಗಾಡಿ ತೋರಿಸಿದ್ರೆ "ನೋಡುವ" ಅಂತಾರೆ, ಆಗ ತೋರಿಸಿದ್ರೆ "ಎಷ್ಟು" ಅಂತಾರೆ. ಕ್ಯಾಶ್ ಗಿರಾಕಿ, ಲೋನ್ ಅಪ್ರೂವಲ್ ಗೋಳಿಲ್ಲ, ಮಳೆಗಾಲಕ್ಕೆ ಮುಂಚೆ ಗಾಡಿ ಬೇಕು ಅನ್ನೋ ಅರ್ಜೆಂಟು ಅವರಿಗೇ ಇರುತ್ತೆ.

ನಿಂದು ಫೋರ್ ವೀಲ್ ಡೀಸೆಲ್ ಮ್ಯಾನುಯಲ್ ಆಗಿರೋದು ಪುಣ್ಯ. 2023ರಲ್ಲಿ ಬಂದ ರಿಯರ್ ವೀಲ್ ಡ್ರೈವ್ ಥಾರ್ ತಂದು ಇಲ್ಲಿ ನಿಲ್ಲಿಸಿದ್ರೆ ಫೋಟೋ ತೆಗೆಸ್ಕೊಂಡು ಹೋಗ್ತಾರೆ ಅಷ್ಟೇ. ಪೆಟ್ರೋಲ್ ಆಟೋಮ್ಯಾಟಿಕ್ ಆಗಿದ್ರೂ ಬೆಂಗಳೂರಲ್ಲೇ ಮಾರು ಅಂತಿದ್ದೆ.

ಮತ್ತೆ ಆ ಬಂಪರ್ ಗಿಂಪರ್ ಎಲ್ಲಾ ಬಿಚ್ಚು. ಕಂಪನಿ ಬಂಪರು ಟೈರು ಇಟ್ಕೊಂಡಿದೀಯ ತಾನೆ?

ಕೆಸರುಕಾಲು
ಡಿಸೆಂಬರ್ 10

ಫೋರ್ ಎಲ್ ಇಪ್ಪತ್ತು ಸಲ ಅಂದಿದ್ದಕ್ಕೆ ಬೇಜಾರಿಲ್ಲ ಅಣ್ಣ, ನಿಜ ಹೇಳ್ಬೇಕು ಅಂದ್ರೆ ಹನ್ನೆರಡು. ಕಂಪನಿ ಬಂಪರು ಟೈರು ಎಲ್ಲಾ ಮಾವನ ಮನೆ ಟೆರೇಸ್ ಮೇಲಿದೆ, ಅವರು ಬಂಪರ್ ಮೇಲೆ ಹಪ್ಪಳ ಒಣಗಿಸ್ತಾರೆ.

ಆದ್ರೆ ಫೆಬ್ರವರಿವರೆಗೆ ಕಾದ್ರೆ ಎರಡು ಇಎಂಐ, 38,000 ಸುಮ್ನೆ ಹೋಗುತ್ತಲ್ಲ?

ಜಿಪ್ಸಿ ಪ್ರೇಮಿ (ಹುಬ್ಬಳ್ಳಿ)
ಡಿಸೆಂಬರ್ 11

ನಮಸ್ಕಾರ್ರೀ. ಥಾರ್ ಬಗ್ಗೆ ನನಗ ಭಾಳ ಗೊತ್ತಿಲ್ಲ, ನಂದು ಮಾರುತಿ ಜಿಪ್ಸಿ, 2009ರ ಮಾಡೆಲ್. ರೇಟ್ ಯಾಕ ನಿಲ್ತೈತಿ ಯಾಕ ಬೀಳ್ತೈತಿ ಅನ್ನೂದಕ್ಕ ಇದಕ್ಕಿಂತ ಚಲೋ ಉದಾಹರಣೆ ಸಿಗೂದಿಲ್ಲ ಅಂತ ಬರ್ಯಾಕತ್ತೀನಿ.

ಜಿಪ್ಸಿ 1985ಕ್ಕ ಬಂತು, 2019ಕ್ಕ ನಿಂತ್ತು. ಮುಂದ ಹಿಂದ ಎರಡೂ ಕಡೆ ಲೀಫ್ ಸ್ಪ್ರಿಂಗ್, ಕುಂತ್ರ ಬೆನ್ನೆಲುಬು ಎಣಿಸಬಹುದು, ಪೆಟ್ರೋಲ್ ಕುಡಿಯೂದಂತೂ ಕೇಳಬ್ಯಾಡ್ರಿ. ಹೊಸಾದು ಇದ್ದಾಗ ಮಂದಿ ಮೂಸಿ ನೋಡ್ತಿದ್ದಿಲ್ಲ, ತಗೊಳ್ಳಾಕ ಇದ್ದದ್ದು ಮಿಲಿಟರಿ, ಪೊಲೀಸು, ಫಾರೆಸ್ಟು. ಬಂದ್ ಆತು ನೋಡ್ರಿ, ಮರುದಿನದಿಂದ ಎಲ್ಲಾರಿಗೂ ಅದ ಬೇಕು. ದಾಂಡೇಲಿ ಕಡೆ ಸಫಾರಿ ಓಡಸವ್ರು ಇದ್ದಾರಲ್ರೀ, ಅವ್ರಿಗೆ ಮ್ಯಾಲ ಓಪನ್ ಇರೂ ಹಗುರ ಗಾಡಿ ಬೇಕು, ಸ್ಪೇರ್ ಎಲ್ಲಾ ಕಡೆ ಸಿಗಬೇಕು. ಕೋವಿಡ್‌ನ್ಯಾಗ ಸಫಾರಿ ಬಂದ್ ಇದ್ದಾಗ ಒಬ್ಬ ಮಾರಾಕ ತಯಾರಾಗಿದ್ದ, ನಾನು ಅಗದಿ ಸಸ್ತಾ ಸಿಗ್ತೈತಿ ಅಂತ ಹೋದ್ರ ನನಗಿಂತ ಮೊದಲ ಮೂರು ಮಂದಿ ಚಾ ಕುಡಿಯಾಕತ್ತಿದ್ರು ಅವನ ಮನಿಯಾಗ. ಕೊಡ್ಲಿಲ್ಲ ಬಿಡ್ರಿ ಕಡೀಕ.

ಇನ್ನ ಮಾರುತಿದ ಜಿಮ್ನಿ ನೋಡ್ರಿ. 2023 ಜೂನ್‌ನ್ಯಾಗ 12.74 ಲಕ್ಷಕ್ಕ ಶುರು ಮಾಡಿದ್ರು. ಆರ ತಿಂಗಳ ಆಗಿಲ್ಲ, ಅದ ವರ್ಷದ ಕಡೀಕ ಥಂಡರ್ ಎಡಿಷನ್ ಅಂತ ಮಾಡಿ 10.74ಕ್ಕ ಇಳಿಸಿದ್ರು. ಜೂನ್‌ನ್ಯಾಗ ತಗೊಂಡಾವನ ಎದಿ ಒಡೀತು ನೋಡ್ರಿ, ಒಂದ ಸಲಕ್ಕ ಎರಡ ಲಕ್ಷ ಹೋತು, ಗಾಡಿ ಕೆಟ್ಟಿಲ್ಲ, ಮಾರ್ಕೆಟ್ ಬಿದ್ದಿಲ್ಲ, ಬರೇ ಶೋರೂಂ ಬೋರ್ಡ್ ಬದಲಾತು. ನನ್ನ ತಮ್ಮ ತಗೊಂಡಿದ್ದ, ಅದಕ್ಕ ಹೇಳಾಕತ್ತೀನಿ. ಮಜಾ ಏನಂದ್ರ ನಾವು ಬ್ಯಾಡ ಅಂದ ಅದ ಐದ ಬಾಗಿಲಿನ ಜಿಮ್ನಿ ಇಲ್ಲಿಂದ ಜಪಾನಿಗೆ ಹೋತಲ್ರೀ, 2025 ಜನವರಿಯಾಗ ನಾಕ ದಿನಕ್ಕ 50,000 ಬುಕಿಂಗ್ ಆಗಿ, ಸಾಕಪಾ ಅಂತ ಬುಕಿಂಗ ಬಂದ್ ಮಾಡಿದ್ರು!

ಗೌಡ್ರು ಹೇಳಿದ್ದು ಖರೇ ಐತಿ. ಹೊಸಾದು ಸಸ್ತಾ ಆಗ್ತೈತಿ ಅನ್ನೂ ಹೆದರಿಕೆ ಇದ್ದಲ್ಲಿ ಹಳೇದು ಬೀಳ್ತೈತಿ. ಹೊಸಾದ ಇಲ್ಲ ಅಂದ್ರ ಬೀಳಾಕ ಜಾಗಾನ ಇಲ್ಲ.

ಕಡಲತಡಿ (ಮಂಗಳೂರು, ಮೊದಲು ದುಬೈ)
ಡಿಸೆಂಬರ್ 11

ಮಾರಾಯ್ರೆ ನೀವು ನೋಡಿದ್ದು ಡಲ್ಲೇ ಅಲ್ಲ. ನಾನು 2009ರಲ್ಲಿ ದುಬೈಯಲ್ಲಿ ಇದ್ದೆ. ಕನ್ಸ್ಟ್ರಕ್ಷನ್ ಫೀಲ್ಡು. ರಿಯಲ್ ಎಸ್ಟೇಟ್ ಬಿತ್ತು ನೋಡಿ, ನಮ್ಮ ಸೈಟಿನಲ್ಲಿ ಕ್ರೇನು ಹಾಗೇ ಆಕಾಶ ನೋಡಿಕೊಂಡು ನಿಂತದ್ದು ಈಗಲೂ ಕಣ್ಣಲ್ಲಿ ಉಂಟು.

ಅಲ್ಲಿಯ ಕಷ್ಟ ಏನಂದ್ರೆ ಕೆಲಸ ಹೋದ್ರೆ ವೀಸಾ ಕೂಡ ಹೋಯ್ತು, ಕ್ಯಾನ್ಸಲ್ ಆದ ಮೇಲೆ ಆಗ 30 ದಿನದಲ್ಲಿ ದೇಶ ಬಿಡ್ಬೇಕಿತ್ತು. ಆಗ ಬ್ಯಾಂಕಿಗೆ ಕೊಟ್ಟ ಚೆಕ್ಕು ಬೌನ್ಸ್ ಆದ್ರೆ ಜೈಲು. ಹಾಗಾಗಿ ಎಲ್ಲರೂ ಒಟ್ಟಿಗೆ ಮಾರ್ಲಿಕ್ಕೆ ನಿಂತದ್ದು. ಅಲ್ಲಿ ವೀಕೆಂಡಿಗೆ ಮರಳಿನಲ್ಲಿ ಓಡಿಸ್ಲಿಕ್ಕೆ ಅಂತಲೇ ದೊಡ್ಡ ದೊಡ್ಡ ಫೋರ್ ವೀಲ್ ಇಟ್ಟುಕೊಳ್ತಾರೆ, ನಂದೂ ಒಂದು ಪಜೆರೋ ಇತ್ತು. ಸೂಪರ್ ಮಾರ್ಕೆಟಿನ ನೋಟಿಸ್ ಬೋರ್ಡಿನಲ್ಲಿ "ಅರ್ಜೆಂಟ್ ಸೇಲ್, ಲೀವಿಂಗ್ ಕಂಟ್ರಿ" ಚೀಟಿಗಳು ಒಂದರ ಮೇಲೆ ಒಂದು. ನಾನು ಮೊದಲ ವಾರ ಬಂದ ರೇಟಿಗೆ "ಇಷ್ಟು ಕಡಿಮೆಗಾ" ಅಂತ ಕೊಡ್ಲಿಲ್ಲ. ಮೂರನೇ ವಾರಕ್ಕೆ ಅದರ ಅರ್ಧಕ್ಕೆ ಕೊಟ್ಟೆ, ಕೊಟ್ಟು ಅದೇ ರಾತ್ರಿ ಫ್ಲೈಟು. ಏರ್‌ಪೋರ್ಟಿನ ಪಾರ್ಕಿಂಗಿನಲ್ಲೇ ಗಾಡಿ ಬಿಟ್ಟು ಹೋದವರ ಸುದ್ದಿ ಆಗ ಪೇಪರಿನಲ್ಲೆಲ್ಲ ಬಂದಿತ್ತು, ಸುಳ್ಳಲ್ಲ.

ಯಾಕೆ ಹೇಳಿದ್ದು ಅಂದ್ರೆ, ನಿಮ್ಮ ಗಾಡಿಯ ರೇಟು ನಿಮಗೆ ಎಷ್ಟು ದಿನ ಟೈಮ್ ಉಂಟು ಅನ್ನುವುದರ ಮೇಲೆ ಉಂಟು. ನಿಮಗೆ ಹೆಂಡತಿ ಸಂಬಳ ಉಂಟು, ಯಾರೂ ಊರು ಬಿಟ್ಟು ಓಡಿಸುವುದಿಲ್ಲ. ಆದ್ರೆ ಎರಡು ಇಎಂಐ ತಪ್ಪಿಸಿ ಸಿಬಿಲ್ ಹಾಳು ಮಾಡಿಕೊಂಡ ಮೇಲೆ ಮಾರುವ ಅಂತ ಮಾತ್ರ ಕೂತುಕೊಳ್ಬೇಡಿ. ಗಾಡಿ ಎಳೆದುಕೊಂಡು ಹೋಗಿ ಹರಾಜು ಹಾಕಿದ್ರೆ ಬರುವ ರೇಟು ನೋಡಿದ್ರೆ ಆ ಡೀಲರ್ ಹೇಳಿದ ರೇಟು ದೇವರು ಕೊಟ್ಟ ಹಾಗೆ ಕಾಣ್ತದೆ. ಮತ್ತೆ ನಮ್ಮ ಕಡೆಗೆ ಮಾರ್ಲಿಕ್ಕೆ ತಂದ್ರೆ ಬೀಚಿನಲ್ಲಿ ಓಡಿಸಿದ ಫೋಟೋ ಎಲ್ಲ ಇನ್‌ಸ್ಟಾದಿಂದ ತೆಗೆದುಬಿಡಿ, ಉಪ್ಪು ನೀರು ಅಂದ್ರೆ ಇಲ್ಲಿಯವರು ಚಾಸಿಸ್ ಕೆಳಗೆ ಮಲಗಿಯೇ ನೋಡುವುದು.

ಲೆಕ್ಕದ ಮೇಷ್ಟ್ರು (ಶಿವಮೊಗ್ಗ)
ಡಿಸೆಂಬರ್ 12

38,000 ಸುಮ್ನೆ ಹೋಗುತ್ತೆ ಅಂದಿದ್ದೀರಲ್ಲ, ಅದೊಂದು ತಪ್ಪು ಲೆಕ್ಕ, ಅದಕ್ಕೇ ಬರೀತಿದೀನಿ. ಇಎಂಐ ಪೂರ್ತಿ ಖರ್ಚಲ್ಲ. 12 ಲಕ್ಷಕ್ಕೆ 84 ತಿಂಗಳು 19,000 ಅಂದ್ರೆ ಬಡ್ಡಿ 8.5% ಹತ್ರ ಇದೆ. 6.45 ಲಕ್ಷ ಬಾಕಿಗೆ ತಿಂಗಳ ಬಡ್ಡಿ 4,600 ಆಸುಪಾಸು. ಮಿಕ್ಕಿದ್ದು ಅಸಲಿಗೆ ಹೋಗುತ್ತೆ, ಗಾಡಿ ಮಾರಿದಾಗ ಅಷ್ಟು ಕಮ್ಮಿ ತೀರಿಸ್ತೀರಿ. ಅಂದ್ರೆ ಎರಡು ತಿಂಗಳು ಕಾಯೋದಕ್ಕೆ ನಿಜವಾದ ಖರ್ಚು 9,000 ಚಿಲ್ಲರೆ. ಕೈಯಲ್ಲಿ 38,000 ಇದೆಯಾ ಇಲ್ವಾ ಅನ್ನೋದು ಬೇರೆ ಪ್ರಶ್ನೆ. ಇನ್ಶೂರೆನ್ಸ್ ಮಾರ್ಚಲ್ಲಿ ಮುಗಿಯುತ್ತೆ ಅನ್ಸುತ್ತೆ, ಅದಕ್ಕೆ ಮುಂಚೆ ಮಾರಿದ್ರೆ ರಿನೀವಲ್ ತಪ್ಪುತ್ತೆ. ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯ್ತಿ) ಗಾಡಿದಲ್ಲ, ನಿಮ್ಮದು. ಮಾರುವಾಗ ಕಂಪನಿಯಿಂದ ಲೆಟರ್ ತಗೊಳ್ಳಿ, ಮೂರು ವರ್ಷದೊಳಗೆ ಬೇರೆ ಗಾಡಿಗೆ ಹಾಕ್ಕೋಬಹುದು. ಎಷ್ಟೋ ಜನ ಇದನ್ನ ಕೇಳೋದೇ ಇಲ್ಲ.

ಲೋನ್ ಮುಂಚೆ ತೀರಿಸೋಕೆ ಫೋರ್‌ಕ್ಲೋಸರ್ ಚಾರ್ಜ್ ಎಷ್ಟು ಅಂತ ಅಗ್ರಿಮೆಂಟ್ ನೋಡಿ, ಅದರ ಮೇಲೆ 18% ಜಿಎಸ್‌ಟಿ ಬೇರೆ. ಗಿರಾಕಿ ದುಡ್ಡನ್ನ ನಿಮ್ಮ ಲೋನ್ ಅಕೌಂಟಿಗೇ ನೇರ ಹಾಕಿಸಿ, ಮಿಕ್ಕಿದ್ದು ನಿಮಗೆ. ಬ್ಯಾಂಕ್ ಎನ್‌ಒಸಿ (ಸಾಲ ತೀರಿತು ಅನ್ನೋ ಪತ್ರ), ಫಾರ್ಮ್ 35 (ಆರ್‌ಸಿಯಿಂದ ಸಾಲದ ಎಂಟ್ರಿ ತೆಗೆಸೋಕೆ) ಬಂದ ಮೇಲೆ ಫಾರ್ಮ್ 29, 30 (ಹೆಸರು ಬದಲಾಯಿಸೋಕೆ). ಇದರಲ್ಲಿ ಸೋಮಾರಿತನ ಮಾಡ್ಬೇಡಿ, "ಆಮೇಲೆ ನಾನೇ ಮಾಡಿಸ್ಕೋತೀನಿ" ಅನ್ನೋ ಗಿರಾಕಿಗೆ ಕೀ ಕೊಡ್ಬೇಡಿ. ಆರ್‌ಸಿನಲ್ಲಿ ಯಾರ ಹೆಸರಿದೆಯೋ ಅವನೇ ಓನರ್ರು, ಆ್ಯಕ್ಸಿಡೆಂಟ್ ಆದ್ರೆ ಪರಿಹಾರ ಅವನ ಮೇಲೇ ಬರುತ್ತೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಫಾಸ್ಟ್‌ಟ್ಯಾಗ್ ಕಿತ್ತು ಕ್ಲೋಸ್ ಮಾಡಿಸಿ, ನಮ್ಮ ಸಂಬಂಧಿಕರೊಬ್ರು ಗಾಡಿ ಮಾರಿ ಆರು ತಿಂಗಳು ಬೇರೆಯವರ ಟೋಲ್ ಕಟ್ಟಿದ್ರು.

ಹೊರ ರಾಜ್ಯದ ಗಿರಾಕಿ ಬಂದ್ರೆ ಯೋಚನೆ ಮಾಡಿ. ನಮ್ಮಲ್ಲಿ 10ರಿಂದ 20 ಲಕ್ಷದ ಗಾಡಿಗೆ ಲೈಫ್ ಟ್ಯಾಕ್ಸ್ 17%, ಸೆಸ್ ಬೇರೆ. ಕರ್ನಾಟಕದ ಗಿರಾಕಿಗೆ ಅದರ ಬೆಲೆ ಇದೆ, ಕೇರಳದವನಿಗೆ ಇಲ್ಲ, ಅವನು ಅಲ್ಲಿ ಮತ್ತೆ ಕಟ್ಬೇಕು.

ಸ್ನಾರ್ಕಲ್ ಬಂಪರ್ ವಿಷಯದಲ್ಲೂ 2019ರಲ್ಲಿ ಸುಪ್ರೀಂ ಕೋರ್ಟ್ ಕಂಪನಿ ಕೊಟ್ಟ ರೂಪ ಬದಲಾಯಿಸೋ ಹಾಗಿಲ್ಲ ಅಂದಿದೆ. ಬಿಚ್ಚೋದೇ ಒಳ್ಳೇದು.

ಗೇರ್‌ಬಾಕ್ಸ್ ಗೌಡ
ಡಿಸೆಂಬರ್ 12

ಮೇಷ್ಟ್ರೇ ನೀವು ವ್ಯಾಪಾರಕ್ಕೆ ಬನ್ನಿ, ಪಾರ್ಟ್‌ನರ್‌ಶಿಪ್ ಕೊಡ್ತೀನಿ :)

ಮೂಡಿಗೆರೆ ಅಣ್ಣ ಹೇಳಿದ್ದಕ್ಕೆ ನನ್ ತಕರಾರಿಲ್ಲ, ಆದ್ರೆ ತೋಟದೋರ ಚೌಕಾಸಿ ನಾನು ಕಂಡಿದೀನಿ. ಕ್ಯಾಶ್ ಇರೋನು ಅರ್ಜೆಂಟ್ ಮಾಡಲ್ಲ, ಎರಡು ಸಲ ಗಾಡಿ ತರಿಸ್ತಾನೆ, ಮೆಕ್ಯಾನಿಕ್ ಕರೆಸ್ತಾನೆ, ಬಾವ ಬರ್ತಾನೆ, ಬಾವನ ತಮ್ಮ ಬರ್ತಾನೆ. ಡೀಸೆಲ್ ಖರ್ಚು ಲೆಕ್ಕ ಹಾಕ್ಕೊಳ್ಳಿ. ಮತ್ತೆ ಸರ್, ಹೊರಡೋಕೆ ಮುಂಚೆ ಫೋರ್ ಎಲ್ ಹಾಕಿ ಹತ್ತು ಮೀಟರ್ ಓಡಿಸಿ ನೋಡಿ. ವರ್ಷಾನುಗಟ್ಟಲೆ ಹಾಕದೇ ಇದ್ರೆ ಲಿವರ್ ಬಿಗಿಯಾಗಿರುತ್ತೆ, ಗಿರಾಕಿ ಮುಂದೆ ಹಾಕೋಕೆ ಹೋಗಿ ಕೂತ್ಕೊಂಡ್ರೆ ಅಲ್ಲಿಗೆ 40,000 ಕಡಿತ.

ಕೆಸರುಕಾಲು
ಫೆಬ್ರವರಿ 24, 2026

ಅಪ್‌ಡೇಟ್ ಕೊಡ್ದೇ ಮಾಯ ಆಗೋರ ಮೇಲೆ ನಂಗೂ ಸಿಟ್ಟಿದೆ, ಅದಕ್ಕೇ ಬಂದೆ.

ಗಾಡಿ ಹೋಯ್ತು. ಶನಿವಾರ, ಸಕಲೇಶಪುರದ ಆಚೆ ಒಬ್ರು ಬೆಳೆಗಾರರು ತಗೊಂಡ್ರು, 10.9. ಡಿಸೆಂಬರ್ ಪೂರ್ತಿ ಬೆಂಗಳೂರಲ್ಲೇ ಒಂದು ಕೈ ನೋಡೋಣ ಅಂತ ಆ್ಯಡ್ ಹಾಕಿದ್ದೆ, ಬಂದ ಫೋನೆಲ್ಲಾ "ಲಾಸ್ಟ್ ಪ್ರೈಸ್ ಬ್ರೋ?" ಅಷ್ಟೇ. ಜನವರಿಲಿ ಒಬ್ಬ ಹುಡುಗ 10.4ಕ್ಕೆ ಒಪ್ಪಿದ್ದ, ಪಾಪ ಲೋನ್ ರಿಜೆಕ್ಟ್ ಆಯ್ತು. ನಿಂದೂ ಅದೇ ಕಥೆನಾ ಅಂದೆ, ಹೌದು ಅಣ್ಣ ನೋಟಿಸ್ ಪಿರಿಯಡ್‌ನಲ್ಲಿದೀನಿ ಅಂದ. ಇಬ್ರೂ ಕಾಫಿ ಕುಡಿದು ಬಂದ್ವಿ.

ಆಮೇಲೆ ಮೂಡಿಗೆರೆ ಅಣ್ಣ ಮೆಸೇಜ್ ಮಾಡಿ ಎರಡು ಮೂರು ಕಡೆ ಹೇಳಿದ್ರು. ಗೌಡ್ರು ಹೇಳಿದಂಗೇ ಆಯ್ತು, ಬಾವ ಬಂದ್ರು, ಬಾವನ ತಮ್ಮ ಬರ್ಲಿಲ್ಲ, ಬದ್ಲಿಗೆ ತೋಟದ ರೈಟರ್ (ಲೆಕ್ಕ, ಆಳು ನೋಡ್ಕೊಳ್ಳೋರು) ಬಂದ್ರು, ಅವರೇ ಎಲ್ಲರಿಗಿಂತ ಚೆನ್ನಾಗಿ ನೋಡಿದ್ದು. ಗಾಡಿ ತಗೊಂಡು ನೇರ ತೋಟದ ಏರು ಹತ್ತಿಸಿದ್ರು, ಮೊನ್ನೆ ತಾನೆ ಕಾಫಿ ಹೂ ಅರಳಿಸೋ ಹೂಮಳೆ ಬಿದ್ದು ಮಣ್ಣು ಜಾರ್ತಿತ್ತು, ನಾನು ನಾಲ್ಕು ವರ್ಷದಲ್ಲಿ ಮಾಡದ ಕೆಲಸ ಗಾಡಿ ಕೈಲಿ ಹತ್ತು ನಿಮಿಷದಲ್ಲಿ ಮಾಡಿಸಿದ್ರು. ನಂಗೆ ಮೈಯೆಲ್ಲಾ ಬೆವರು. ಫೋರ್ ಎಲ್ ಲಿವರ್ ಸಿಕ್ಕಾಕ್ಕೊಳ್ಳಲಿಲ್ಲ, ಮನೇಲಿ ವಾರಕ್ಕೆರಡು ಸಲ ಪಾರ್ಕಿಂಗ್‌ನಲ್ಲೇ ಹಾಕಿ ತೆಗೆದು ಮಾಡ್ತಿದ್ದೆ. 11.25 ಹೇಳಿದ್ದೆ, ಕಿಟಕಿ ಬಟನ್ನು ಮಧ್ಯದಲ್ಲಿದೆ ಅಂತ 10,000, ಸ್ಟೆಪ್ನಿ ಸವೆದಿದೆ ಅಂತ 5,000, ಮಿಕ್ಕ 20,000 ಯಾವುದಕ್ಕೆ ಅಂತ ಕೊನೆಗೂ ಗೊತ್ತಾಗ್ಲಿಲ್ಲ, ಊಟ ಮಾತ್ರ ಭರ್ಜರಿ ಹಾಕಿದ್ರು.

ಲೋನ್ ಬಾಕಿ 6.16 ಲಕ್ಷ ಆಗಿತ್ತು, ಅವರೇ ಬ್ಯಾಂಕಿಗೆ ಬಂದು ಕಟ್ಟಿದ್ರು, ಚಾರ್ಜ್ ಎಲ್ಲಾ ಕಳೆದು ನನಗೆ 4.5 ಲಕ್ಷ ಬಂತು. ಎನ್‌ಒಸಿಗೆ ಕಾಯ್ತಿದೀನಿ, ಅಲ್ಲಿವರೆಗೆ ಗಾಡಿ ನನ್ನ ಹತ್ರನೇ ಇರ್ಲಿ ಅಂತ ಅವರೇ ಅಂದ್ರು. ಹಾಗಾಗಿ ಮಾರಿದ ಗಾಡಿ ಕೆಳಗೆ ಪಾರ್ಕಿಂಗ್‌ನಲ್ಲಿದೆ, ಮುಟ್ಟೋಕೂ ಭಯ.

ವಿಂಚು, ಬಂಪರ್ ಒಬ್ರು 55,000ಕ್ಕೆ ತಗೊಂಡ್ರು. ಸ್ನಾರ್ಕಲ್‌ಗೆ ಬಾಡಿ ಕಟ್ ಮಾಡಿಸಿದ್ದು ನೆನಪಿರ್ಲಿಲ್ಲ, ಬಿಚ್ಚೋಕಾಗ್ಲಿಲ್ಲ, ಅದು ಗಾಡಿ ಜೊತೆನೇ ಹೋಗುತ್ತೆ. ಆ 20,000 ಬಹುಶಃ ಅದಕ್ಕೇ ಇರ್ಬೇಕು, ಈಗ ಬರೀತಾ ಹೊಳೀತು.

ಎಟಿ ಟೈರು ನಾಲ್ಕು ಇನ್ನೂ ಬಾಲ್ಕನಿಯಲ್ಲಿವೆ, 255/65 ಆರ್18, 14,000 ಕಿ.ಮೀ. ಓಡಿವೆ. ಬೇಕಾದೋರು ಮೆಸೇಜ್ ಮಾಡಿ. "ಲಾಸ್ಟ್ ಪ್ರೈಸ್ ಬ್ರೋ" ಅಂತ ಶುರು ಮಾಡ್ಬೇಡಿ.